ಸುಗ್ಗಿಯ ದಿನಗಳಲ್ಲಿ ವಾರದ ಕಂತು: ನೌಕರಿಯ ಜೊತೆಗೆ ಧಾರಾವಾಹಿ ಬರೆಯುವವರು ಹೇಗೆ ನಿಭಾಯಿಸುತ್ತೀರಿ?

ಕಾಟಾಚೀಟಿ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಎರಡು ವರ್ಷಗಳಿಂದ, ಮೊಬೈಲಿನಲ್ಲಿ ಕತೆ ಓದುವ ಒಂದು ಆ್ಯಪಿನಲ್ಲಿ, ಪ್ರತಿ ಮಂಗಳವಾರ ರಾತ್ರಿ ಒಂದು ಕಂತಿನಂತೆ ಧಾರಾವಾಹಿಯನ್ನೂ ಬರೆಯುತ್ತಿದ್ದೇನೆ. ಮೊದಲನೆಯದು 41 ಕಂತುಗಳಿಗೆ ಮುಗಿಯಿತು. ಈಗ ಬರೆಯುತ್ತಿರುವುದು 22ನೆಯ ಕಂತಿಗೆ ಬಂದು ನಿಂತಿದೆ. ಮೂರು ಮಂಗಳವಾರಗಳು ಬರಿದಾಗಿ ಕಳೆದವು.

ಸುಗ್ಗಿಯಲ್ಲಿ ಗಿರಣಿ ಹೇಗಿರುತ್ತದೆ ಎಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಮುಂಗಾರಿನ ಭತ್ತ ನವೆಂಬರ್ ನಡುವಿನಲ್ಲಿ ಬರಲು ಶುರುವಾದರೆ, ಡಿಸೆಂಬರ್ ಮುಗಿಯುವವರೆಗೆ ಗೇಟಿನ ಮುಂದೆ ಟ್ರ್ಯಾಕ್ಟರ್ ಮತ್ತು ಲಾರಿಗಳ ಸಾಲು ಕರಗುವುದಿಲ್ಲ. ಪ್ರತಿಯೊಂದು ಗಾಡಿಯನ್ನೂ ಎರಡು ಸಲ ಕಾಟಾದ ಮೇಲೆ ಹತ್ತಿಸಿ ತುಂಬಿದ ತೂಕ ಒಮ್ಮೆ, ಖಾಲಿ ತೂಕ ಒಮ್ಮೆ ಹಿಡಿಯಬೇಕು. ನಡುವೆ ತೇವಾಂಶ ನೋಡಬೇಕು, 75 ಕಿಲೋ ಚೀಲದ ಲೆಕ್ಕದಲ್ಲಿ ದರ ಕಟ್ಟಬೇಕು, ಹಮಾಲಿ ಕಳೆಯಬೇಕು, ರೈತನ ಕೈಗೆ ಚೀಟಿ ಕೊಡಬೇಕು. ಬೆಳಿಗ್ಗೆ ಎಂಟಕ್ಕೆ ಕುಳಿತರೆ ರಾತ್ರಿ ಹನ್ನೊಂದಕ್ಕೆ ಏಳುತ್ತೇನೆ. ಮನೆಗೆ ಬಂದು ಮೊಬೈಲ್ ತೆರೆದರೆ ಕಣ್ಣ ಮುಂದೆ ಅಂಕಿಗಳೇ ನಿಲ್ಲುತ್ತವೆ, ಪಾತ್ರಗಳು ಬಾಯಿ ಬಿಡುವುದಿಲ್ಲ.

ಸಾಲದ ಕಂತಿಗೂ ಕತೆಯ ಕಂತಿಗೂ ನಮ್ಮ ಭಾಷೆಯಲ್ಲಿ ಒಂದೇ ಮಾತಿದೆ. ಲೆಕ್ಕ ಬರೆಯುವವನಾದ ನನಗೆ ಆ ಮಾತಿನ ಭಾರ ಗೊತ್ತು. ಸಾಲದ ಕಂತು ತಪ್ಪಿದರೆ ಬಡ್ಡಿ ಸೇರಿಸಿ ಕಟ್ಟಬಹುದು. ಮಂಗಳವಾರ ರಾತ್ರಿ ಅಡುಗೆಮನೆ ಒರೆಸಿ, ಮಕ್ಕಳನ್ನು ಮಲಗಿಸಿ, ಕತೆ ಓದಲೆಂದು ಕುಳಿತವರ ಆ ಅರ್ಧ ಗಂಟೆಯನ್ನು ಯಾವ ಬಡ್ಡಿ ಸೇರಿಸಿ ಹಿಂದಿರುಗಿಸಬೇಕು? ಹಿಂದೊಮ್ಮೆ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋದ ವಾರವೂ ನಾನು ಕಂತು ತಪ್ಪಿಸಿದ್ದೆ. ಆಗ ಯಾರೂ ಕೇಳಲಿಲ್ಲ, ಏಕೆಂದರೆ ಓದುಗರೂ ನನ್ನಂತೆಯೇ ನೀರಿನ ಮಟ್ಟದ ಸುದ್ದಿಯನ್ನೇ ನೋಡುತ್ತಿದ್ದರು. ಈ ಸಲ ಕೇಳುತ್ತಿದ್ದಾರೆ, ಮತ್ತು ಅವರು ಕೇಳುವುದು ಸರಿಯಾಗಿದೆ. ದುಡಿಮೆಯ ಜೊತೆಗೆ ಬರೆಯುವವರು ನಿಮ್ಮ ದಿನವನ್ನು ಹೇಗೆ ಹೊಂದಿಸುತ್ತೀರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ರಾತ್ರಿಪಾಳಿ, ಶಕ್ತಿನಗರ

ಅಣ್ಣನವರೇ, ನಾನು ಇಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಪಾಳಿಯ ಮೇಲೆ ದುಡಿಯುವವನು. ಎಂಟು ಘಟಕ, 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಾದ್ದರಿಂದ ಇಲ್ಲಿ ಹಗಲು ರಾತ್ರಿಗಳ ಭೇದವಿಲ್ಲ. ಒಂದು ವಾರ ಬೆಳಗಿನ ಪಾಳಿಯಾದರೆ ಇನ್ನೊಂದು ವಾರ ರಾತ್ರಿಯದು. ಹೀಗಾಗಿ "ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಬರೆಯಿರಿ" ಎಂಬ ಬುದ್ಧಿಮಾತು ನನಗೆ ಎಂದೂ ಒದಗಲಿಲ್ಲ. ನನ್ನ ಐದು ಗಂಟೆ ಕೆಲವು ವಾರ ನಿದ್ದೆಯ ನಡುವೆ ಬರುತ್ತದೆ, ಕೆಲವು ವಾರ ಬಾಯ್ಲರಿನ ಎದುರು ಬರುತ್ತದೆ.

ನನಗೆ ಒದಗಿದ್ದು ಸ್ಥಾವರದ್ದೇ ಒಂದು ಪದ್ಧತಿ. ಪಾಳಿ ಬದಲಾಗುವಾಗ ನಾವು ಲಾಗ್ ಪುಸ್ತಕದಲ್ಲಿ ಮುಂದಿನವರಿಗಾಗಿ ಬರೆದಿಟ್ಟು ಹೋಗುತ್ತೇವೆ: ಯಾವ ಪಂಪು ನಿಂತಿದೆ, ಯಾವುದು ದುರಸ್ತಿಯಲ್ಲಿದೆ, ಯಾವುದರ ಸದ್ದು ಅನುಮಾನ ಹುಟ್ಟಿಸುತ್ತಿದೆ. ಕತೆಗೂ ನಾನು ಹಾಗೆಯೇ ಮಾಡುತ್ತೇನೆ. ಬರೆದು ಏಳುವ ಮೊದಲು ಕೊನೆಯ ಹತ್ತು ನಿಮಿಷದಲ್ಲಿ, ಮುಂದೆ ಕೂರುವವನು ಬೇರೊಬ್ಬನೇ ಎಂಬಂತೆ ಅವನಿಗೊಂದು ಟಿಪ್ಪಣಿ ಬರೆಯುತ್ತೇನೆ. ತಂಗಿಗೆ ಪತ್ರದ ವಿಷಯ ಗೊತ್ತಾಗಿದೆ, ಅಣ್ಣನಿಗೆ ಗೊತ್ತಾಗಿಲ್ಲ; ಮಳೆ ಇನ್ನೂ ನಿಂತಿಲ್ಲ; ಅತ್ತೆಯ ಕೈಯಲ್ಲಿ ಬೀಗದ ಕೈ ಇದೆ, ಇದನ್ನು ಮರೆಯಬಾರದು. ನಾಲ್ಕು ದಿನಗಳ ನಂತರ ನಿದ್ದೆಗೆಟ್ಟ ತಲೆಯಲ್ಲಿ ಕುಳಿತಾಗಲೂ ಆ ಟಿಪ್ಪಣಿಯೊಂದೇ ಸಾಕು, ಕತೆಯೊಳಗೆ ಹೋಗಲು ಅರ್ಧ ಗಂಟೆಯ ಬದಲು ಐದು ನಿಮಿಷ ಹಿಡಿಯುತ್ತದೆ.

ಎರಡನೆಯದಾಗಿ, ಕೈಯಲ್ಲಿ ಮೂರು ಕಂತು ಮುಂಗಡವಿಲ್ಲದೆ ನಾನು ಯಾವ ಕತೆಯನ್ನೂ ಶುರುಮಾಡುವುದಿಲ್ಲ. ರಾತ್ರಿಪಾಳಿಯ ವಾರದಲ್ಲಿ ಒಂದು ಖರ್ಚಾಗುತ್ತದೆ, ರಜೆಯ ವಾರದಲ್ಲಿ ಎರಡು ತುಂಬುತ್ತೇನೆ. ನಿಮ್ಮ ಸುಗ್ಗಿ ಒಂದೂವರೆ ತಿಂಗಳಿನದಾದ್ದರಿಂದ ನಿಮಗೆ ಆರು ಬೇಕಾಗಬಹುದು, ಮತ್ತು ಅವನ್ನು ದಸರೆಯ ಒಳಗೇ ಬರೆದಿಟ್ಟುಕೊಳ್ಳಬೇಕು.

ನೀಲಿ ದಾರ, ಬಳ್ಳಾರಿ ಕೌಲ್ ಬಜಾರ್

ಅಣ್ಣನವರಿಗೆ ನಮಸ್ಕಾರ. ನಾನು ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಪ್ಯಾಂಟಿಗೆ ಜೇಬು ಕೂರಿಸುತ್ತೇನೆ. ನಮ್ಮದು ಪೀಸಿನ ಲೆಕ್ಕ. ಯಂತ್ರದ ಮುಂದಿನಿಂದ ಎದ್ದ ಹೊತ್ತು ಕೂಲಿಯಿಂದ ಕಳೆದುಹೋದ ಹೊತ್ತು. ಆದ್ದರಿಂದ ಕೆಲಸದ ನಡುವೆ ಬರೆಯುವ ಮಾತೇ ಇಲ್ಲ. ಆದರೆ ಜೇಬು ಕೂರಿಸುವಾಗ ಕೈಗೆ ತನ್ನ ಕೆಲಸ ಗೊತ್ತಿರುತ್ತದೆ, ಮನಸ್ಸು ಬಿಡುವಾಗಿರುತ್ತದೆ. ನನ್ನ ಕತೆಯ ಮಾತುಕತೆಗಳೆಲ್ಲ ಆ ಸದ್ದಿನ ನಡುವೆಯೇ ಹುಟ್ಟುತ್ತವೆ. ನೂರು ಜೇಬು ಮುಗಿಯುವ ಹೊತ್ತಿಗೆ ಗಂಡ ಹೆಂಡತಿಯ ಒಂದು ಜಗಳ ಆದಿಯಿಂದ ಅಂತ್ಯದವರೆಗೆ ನನ್ನ ಬಾಯಲ್ಲಿರುತ್ತದೆ.

ರಾತ್ರಿ ಹತ್ತರ ಮೇಲೆ ಮಾಳಿಗೆ ಹತ್ತಿ ಅದನ್ನು ಮೊಬೈಲಿಗೆ ಹೇಳುತ್ತೇನೆ. ಹೇಳಿದ್ದನ್ನು ಅದೇ ಅಕ್ಷರಕ್ಕೆ ಇಳಿಸುತ್ತದೆ. ಬೆರಳಿನಲ್ಲಿ ಬಟ್ಟೆಯ ನೀಲಿ ಹತ್ತಿರುವುದರಿಂದ ತೆರೆಯ ಮೇಲೆ ಒತ್ತಿ ಒತ್ತಿ ಬರೆದರೆ ಕಲೆ ಕೂರುತ್ತದೆ. ಅದಕ್ಕಾಗಿಯೇ ಮೊದಲು ಬಾಯಿಂದ ಬರೆಯಲು ಕಲಿತೆ. ತೊಂದರೆ ಒಂದೇ: ನನ್ನ ಪಾತ್ರ "ಬರ್ತೀನ್ರಿ" ಎಂದರೆ ಯಂತ್ರ ಅದನ್ನು ತನಗೆ ತಿಳಿದ ಕನ್ನಡಕ್ಕೆ ತಿದ್ದಿಬಿಡುತ್ತದೆ. ಬಳ್ಳಾರಿಯ ಹೆಂಗಸು ಬೇರೆ ಊರಿನವಳಾಗಿ ಮಾತನಾಡತೊಡಗುತ್ತಾಳೆ. ಆದ್ದರಿಂದ ಭಾನುವಾರ ಕುಳಿತು ಮಾತುಗಳನ್ನೆಲ್ಲ ಒಂದೊಂದಾಗಿ ನಮ್ಮ ಕಡೆಗೆ ತಿರುಗಿಸುತ್ತೇನೆ. ಅಣ್ಣನವರೇ, ನಿಮ್ಮ ಕೆಲಸ ಅಂಕಿಯದ್ದು, ಮನಸ್ಸನ್ನು ಪೂರ್ತಿ ಕೇಳುತ್ತದೆ. ನಿಮ್ಮ ಕಷ್ಟ ನನ್ನದಕ್ಕಿಂತ ಹೆಚ್ಚಿನದೆಂದು ನನಗೆ ತೋರುತ್ತದೆ.

ಅಂಚೆಚೀಲ, ಮಾನ್ವಿ

ನಾನು ಅಂಚೆ ಇಲಾಖೆಯಿಂದ ನಿವೃತ್ತನಾದವನು. ಧಾರಾವಾಹಿಗಳನ್ನು ಬರೆದದ್ದು ಕಡಿಮೆ, ಓದಿದ್ದು ಹೆಚ್ಚು. 1965ರಲ್ಲಿ ಆರಂಭವಾದ ಸುಧಾ, 1983ರಲ್ಲಿ ಬಂದ ತರಂಗ, ಇವುಗಳ ಕಟ್ಟು ಬಸ್ಸಿನಿಂದ ಇಳಿಯುವುದನ್ನೇ ಕಾಯುತ್ತ ಅಂಗಡಿಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ ತಲೆಮಾರು ನಮ್ಮದು. ಕಟ್ಟು ಬಿಚ್ಚಿದ ಕೂಡಲೇ ಮೊದಲು ತಿರುವುತ್ತಿದ್ದದ್ದು ಧಾರಾವಾಹಿಯ ಪುಟವನ್ನೇ.

ನಮ್ಮಂತೆಯೇ ಅಂಚೆ ಇಲಾಖೆಯಲ್ಲಿದ್ದ ಒಬ್ಬ ಹಿರಿಯರ ಕ್ರಮವನ್ನು ಇಲ್ಲಿ ನೆನೆಯಬೇಕು. ಇಂಗ್ಲೆಂಡಿನ ಕಾದಂಬರಿಕಾರ ಆಂಥೊನಿ ಟ್ರೋಲಪ್ 1834ರಲ್ಲಿ ಗುಮಾಸ್ತನಾಗಿ ಸೇರಿ 1867ರವರೆಗೆ ಅಂಚೆ ಇಲಾಖೆಯಲ್ಲಿ ದುಡಿದರು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದಗಳಂತೆ ಬರೆದು, ಆ ಬಳಿಕ ಕಚೇರಿಗೆ ಹೋಗುತ್ತಿದ್ದರು. ನನಗೆ ಮುಖ್ಯವೆನಿಸಿದ್ದು ಆ ವೇಗವಲ್ಲ. ಕತೆಯನ್ನು ಪೂರ್ತಿ ಬರೆದು ಮುಗಿಸುವ ಮೊದಲು ಪ್ರಕಟಣೆಗೆ ಕೊಡಬಾರದೆಂದು ಅವರು ನಿಯಮ ಮಾಡಿಕೊಂಡಿದ್ದರು. ಕೊನೆಗೆ ಬಂದಾಗ ಮೊದಲನ್ನು ತಿದ್ದುವ ಹಕ್ಕು ಬರೆಯುವವನ ಕೈಯಲ್ಲೇ ಉಳಿಯಬೇಕು ಎಂಬುದು ಅವರ ಕಾರಣ. 1860ರಲ್ಲಿ ಒಂದು ಪತ್ರಿಕೆಯ ಅವಸರಕ್ಕಾಗಿ ಆ ನಿಯಮವನ್ನು ಅವರು ಮುರಿದದ್ದೂ ಉಂಟು, ಅದು ಬೇರೆ ಮಾತು. ಕಾಟಾಚೀಟಿಯವರೇ, ಮುಂದಿನ ಕತೆಯನ್ನಾದರೂ ಮಳೆಗಾಲದ ಬಿಡುವಿನಲ್ಲಿ ಪೂರ್ತಿ ಬರೆದು, ಆಮೇಲೆ ಕಂತು ಕಂತಾಗಿ ಬಿಡಿ. ಸುಗ್ಗಿ ನಿಮ್ಮನ್ನು ಮುಟ್ಟುವುದಿಲ್ಲ.

ಸರ್ಕಾರಿ ನೌಕರಿಯಲ್ಲಿದ್ದು ಬರೆಯಲು ಅಂಜುವ ಕಿರಿಯರಿಗೆ ಒಂದು ಮಾತು. ಕೇಂದ್ರ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳಲ್ಲಿ, ಕರ್ತವ್ಯಕ್ಕೆ ಬಾಧೆ ಬಾರದಂತೆ ಆಗಾಗ ಮಾಡುವ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸಕ್ಕೆ ಮೊದಲೇ ಅನುಮತಿ ಪಡೆಯಬೇಕಾಗಿಲ್ಲ. ರಾಜ್ಯ ನೌಕರರು ತಮ್ಮ ನಿಯಮಗಳನ್ನು ಪ್ರತ್ಯೇಕವಾಗಿ ಓದಿಕೊಳ್ಳಬೇಕು.

ಕಿನ್ನಾಳ ಬಣ್ಣ, ಕೊಪ್ಪಳ

ಅಂಚೆಚೀಲ ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ನಾನು ಅವರ ಮಾತಿಗೆ ಅಡ್ಡ ಬರುತ್ತಿದ್ದೇನೆ. ನಾನು ಪ್ರೌಢಶಾಲೆಯ ಶಿಕ್ಷಕಿ. ಪೂರ್ತಿ ಬರೆದಿಟ್ಟು ಕಂತು ಕಂತಾಗಿ ಬಿಡುವುದಾದರೆ ಅದು ಕಾದಂಬರಿಯನ್ನು ತುಂಡರಿಸಿ ಬಡಿಸಿದಂತಾಗುತ್ತದೆ. ಧಾರಾವಾಹಿಯ ಜೀವ ಬೇರೆ ಕಡೆಗಿದೆ.

ನಮ್ಮ ಹಳ್ಳಿಗಳಲ್ಲಿ ಶ್ರಾವಣ ಮಾಸವಿಡೀ ಮಠದಲ್ಲಿ ಪುರಾಣ ನಡೆಯುತ್ತದೆ. ಚಿಕ್ಕವಳಿದ್ದಾಗ ನಾನು ಅಜ್ಜಿಯ ಸೆರಗು ಹಿಡಿದು ಪ್ರತಿ ರಾತ್ರಿ ಹೋಗುತ್ತಿದ್ದೆ. ಶಾಸ್ತ್ರಿಗಳು ಬಂದು ಕುಳಿತು, ಹಾರ್ಮೋನಿಯಂ ಮತ್ತು ತಬಲಾದವರು ಶ್ರುತಿ ಕೂಡಿಸುವವರೆಗೆ ಸುತ್ತ ಕಣ್ಣು ಹಾಯಿಸುತ್ತಿದ್ದರು. ನಾಟಿಯ ಕೆಲಸ ಜೋರಾಗಿದ್ದ ದಿನ ಹೆಂಗಸರ ಸಾಲು ತೆಳ್ಳಗಿರುತ್ತಿತ್ತು. ಅಂಥ ರಾತ್ರಿ ಅವರು ಮುಖ್ಯ ಪ್ರಸಂಗವನ್ನು ಎತ್ತುತ್ತಲೇ ಇರಲಿಲ್ಲ. ಒಂದು ಉಪಕತೆ ಹೇಳಿ, ಎರಡು ವಚನ ಹಾಡಿಸಿ, ಹೊತ್ತಿಗೆ ಮುಂಚೆ ಮಂಗಳಾರತಿಗೆ ಬಿಡುತ್ತಿದ್ದರು. ಮರುದಿನ ಎಲ್ಲರೂ ಬಂದಾಗ "ನಿನ್ನೆಯ ದಿವಸ ನಾವು ಎಲ್ಲಿಗೆ ನಿಲ್ಲಿಸಿದ್ದೆವು" ಎಂದು ಕೇಳಿ, ಸಭೆಯಿಂದಲೇ ಉತ್ತರ ಹೊರಡಿಸಿ, ಮುಂದುವರಿಯುತ್ತಿದ್ದರು. ಅಲ್ಲಿ ಕತೆ ಮೊದಲೇ ಸಿದ್ಧವಾಗಿತ್ತು ನಿಜ. ಆದರೆ ಯಾವ ರಾತ್ರಿ ಎಷ್ಟು, ಎಲ್ಲಿ ನಿಲುಗಡೆ ಎಂಬುದನ್ನು ಕೇಳುವವರ ದುಡಿಮೆ ತೀರ್ಮಾನಿಸುತ್ತಿತ್ತು.

ನನ್ನ ಅನುಭವದಲ್ಲಿಯೂ ಹಾಗೆಯೇ ಆಗಿದೆ. ಪರೀಕ್ಷೆಯ ಉತ್ತರಪತ್ರಿಕೆ, ಚುನಾವಣೆಯ ಕೆಲಸ, ಮನೆಮನೆಯ ಸಮೀಕ್ಷೆ, ಇವು ಬಂದಾಗ ನನ್ನ ಕಂತು ಸಣ್ಣದಾಗುತ್ತದೆ, ಆದರೆ ನಿಲ್ಲುವುದಿಲ್ಲ. 1,500 ಪದಗಳ ಕಡೆ 500 ಪದ ಬರೆಯುತ್ತೇನೆ. ಒಬ್ಬ ಪಾತ್ರ ಕಾಗದ ಬರೆಯುತ್ತದೆ, ಅಥವಾ ಇಬ್ಬರು ಬಸ್ ನಿಲ್ದಾಣದಲ್ಲಿ ಕುಳಿತು ಹಳೆಯದೊಂದು ಸಂಗತಿ ಮಾತನಾಡುತ್ತಾರೆ. ಉಪಕತೆಯ ಜಾಗ ಅದು. ಓದುಗರು ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ. ಕೆಲವು ಸಲ ಆ ಸಣ್ಣ ಕಂತನ್ನೇ ಹೆಚ್ಚು ನೆನಪಿಟ್ಟುಕೊಂಡಿದ್ದಾರೆ.

ರಾತ್ರಿಪಾಳಿ, ಶಕ್ತಿನಗರ

ಮೇಡಂ, ಸಣ್ಣ ಕಂತಿನ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಮುಂದಿನ ರಾತ್ರಿಪಾಳಿಯಲ್ಲಿ ಪ್ರಯತ್ನಿಸುತ್ತೇನೆ.

ಟಪ್ಪಾಲು ವಿಭಾಗ, ಕುಷ್ಟಗಿ

ನಾನೊಂದು ತಾಂತ್ರಿಕ ಸಂಗತಿ ಸೇರಿಸುತ್ತೇನೆ, ಏಕೆಂದರೆ ಇದರಿಂದ ನನ್ನ ಎರಡು ವಾರ ಹಾಳಾಗಿದ್ದವು. ಕಚೇರಿಯಲ್ಲಿ ಕನ್ನಡ ಗಣಕ ಪರಿಷತ್ತಿನ "ನುಡಿ" ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕೈ ಪಳಗಿರುವುದರಿಂದ ಮನೆಯ ಗಣಕದಲ್ಲಿಯೂ ಅದರ ಹಳೆಯ ಅಕ್ಷರವಿನ್ಯಾಸದಲ್ಲಿಯೇ ಕತೆ ಬರೆದೆ. ಆ್ಯಪಿಗೆ ಹಾಕುವಾಗ ಎಲ್ಲ ಮೊಬೈಲುಗಳಲ್ಲೂ ಓದಲು ಬರುವ ಯುನಿಕೋಡಿಗೆ ಪರಿವರ್ತಿಸಿದರೆ ಅರ್ಕಾವತ್ತು ಇದ್ದ ಕಡೆಯೆಲ್ಲ ಪರಭಾಷೆಯ ಒಂದು ಅಕ್ಷರ ಬಂದು ಕುಳಿತಿತ್ತು. "ಧರ್ಮ", "ಸೂರ್ಯ", "ವರ್ಷ", ಒಂದೂ ಉಳಿಯಲಿಲ್ಲ. ಹನ್ನೆರಡು ಕಂತುಗಳನ್ನು ಸಾಲು ಸಾಲಾಗಿ ಕೈಯಿಂದ ತಿದ್ದಿದೆ. ಕೀಲಿಮಣೆಯ ವಿನ್ಯಾಸ ಅದೇ ಇರಲಿ, ಆದರೆ ಮೊದಲಿನಿಂದಲೇ ಯುನಿಕೋಡ್ ಆಯ್ದುಕೊಂಡು ಬರೆಯಿರಿ.

ಕಚೇರಿಯ ಗಣಕದಲ್ಲಿ, ಕಚೇರಿಯ ಹೊತ್ತಿನಲ್ಲಿ ನಾನು ಒಂದು ಸಾಲನ್ನೂ ಬರೆಯುವುದಿಲ್ಲ. ಕಿಟಕಿಯ ಆಚೆ ಅರ್ಜಿ ಹಿಡಿದು ನಿಂತವರು ಇರುತ್ತಾರೆ. ಅವರ ಹೊತ್ತನ್ನು ಕದ್ದು ಬರೆದ ಕತೆಯನ್ನು ಅವರ ಮುಂದೆಯೇ ಓದಲು ನನ್ನಿಂದಾಗದು.

ನೀಲಿ ದಾರ, ಬಳ್ಳಾರಿ ಕೌಲ್ ಬಜಾರ್

ವಿಷಯ ಬಂದದ್ದರಿಂದ ಕೇಳುತ್ತಿದ್ದೇನೆ. ನನ್ನ ಧಾರಾವಾಹಿಯನ್ನು ಧ್ವನಿರೂಪದಲ್ಲಿ ಮಾಡುತ್ತೇವೆಂದು ಒಂದು ಸಂಸ್ಥೆಯವರು ಫೋನಿನಲ್ಲಿ ಕೇಳಿದರು. ನಾನು ಹೂಂ ಎಂದೆ. ಈಗ ಒಂದು ಹಾಳೆ ಕಳಿಸಿ ಸಹಿ ಮಾಡಿ ಎನ್ನುತ್ತಿದ್ದಾರೆ. ಅದರಲ್ಲಿ "ಎಲ್ಲ ಹಕ್ಕುಗಳು" ಎಂದಿದೆ, ಎಷ್ಟು ವರ್ಷ ಎಂದಿಲ್ಲ, ದುಡ್ಡು ಎಷ್ಟೆಂದೂ ಇಲ್ಲ. ದಿನದ ದುಡಿಮೆ ಮುಗಿಸಿ ಬರೆದದ್ದು. ಏನು ಮಾಡಲಿ?

ನಕಲು ಪ್ರತಿ, ರಾಯಚೂರು

ತಂಗಿ, ಸಹಿ ಮಾಡಬೇಡಿ. ನಾನು ರಾಯಚೂರಿನ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು ಅದಕ್ಕೆ ನಿಮ್ಮ ಸಹಿ ಬಿದ್ದರೆ ಮಾತ್ರ ಊರ್ಜಿತ. ಹೀಗಾಗಿ ಫೋನಿನಲ್ಲಿ ಹೇಳಿದ ಹೂಂ ನಿಮ್ಮ ಕತೆಯ ಹಕ್ಕನ್ನು ಅವರಿಗೆ ಒಪ್ಪಿಸುವುದಿಲ್ಲ. ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದು ಪತ್ರದಲ್ಲಿ ಇರಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದು, ಪ್ರದೇಶ ಬರೆಯದಿದ್ದರೆ ಭಾರತವೆಂದು ಎಣಿಸುತ್ತದೆ. ಪಡೆದ ಹಕ್ಕನ್ನು ಅವರು 1 ವರ್ಷದೊಳಗೆ ಬಳಸದಿದ್ದರೆ, ಪತ್ರದಲ್ಲಿ ಬೇರೆ ರೀತಿ ಇಲ್ಲದಿದ್ದಲ್ಲಿ, ಅದು ನಿಮಗೇ ಮರಳುತ್ತದೆ. ಧ್ವನಿರೂಪದ ಹಕ್ಕನ್ನು ಮಾತ್ರ ಕೊಡುತ್ತೇನೆ, ಪುಸ್ತಕ ಮತ್ತು ದೃಶ್ಯರೂಪ ನನ್ನಲ್ಲಿಯೇ ಇರುತ್ತದೆ ಎಂದು ಬರೆದು, ಅವಧಿ ಮತ್ತು ಮೊತ್ತ ತುಂಬಿ ಕಳಿಸಲು ಹೇಳಿ. ಆ ಹಕ್ಕು ನಿಮ್ಮ ಜೀವಮಾನಕ್ಕೂ ಆನಂತರದ 60 ವರ್ಷಕ್ಕೂ ಇರುವಂಥದ್ದು. ಒಂದು ಸಂಜೆಯ ಅವಸರದಲ್ಲಿ ಬರೆದುಕೊಡಬೇಡಿ.

ಕಾಟಾಚೀಟಿ, ಗಂಗಾವತಿ

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮ ಮಾತುಗಳನ್ನು ನಾಲ್ಕು ದಿನಗಳಿಂದ ಓದುತ್ತಿದ್ದೇನೆ, ಮತ್ತು ಓದುತ್ತಿದ್ದಂತೆ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ನಾನು ನಿಮ್ಮ ಮುಂದೆ ಅರ್ಧ ಮಾತನ್ನಷ್ಟೇ ಇಟ್ಟಿದ್ದೇನೆ. ನೀವು ಮನಸ್ಸಿಟ್ಟು ಉತ್ತರಿಸಿರುವಾಗ ಉಳಿದದ್ದನ್ನು ಬಚ್ಚಿಡುವುದು ಸರಿಯಲ್ಲ.

ಸುಗ್ಗಿ ಕಳೆದ ವರ್ಷವೂ ಇತ್ತು, ಆಗ ಕಂತು ನಿಂತಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಕುಳಿತಾದರೂ ಬರೆದಿದ್ದೇನೆ. ಚೀಟಿ ಹರಿದುಕೊಟ್ಟ ಮೇಲೆ ನನ್ನಲ್ಲಿ ಉಳಿಯುವ ಹಳದಿ ಪ್ರತಿಯ ಬೆನ್ನಿಗೆ, ಒಂದು ಗಾಡಿ ಇಳಿದು ಇನ್ನೊಂದು ಹತ್ತುವ ನಡುವೆ, ಸಂಭಾಷಣೆಯ ಸಾಲುಗಳನ್ನು ಗೀಚಿಟ್ಟುಕೊಂಡು ಬರೆದ ಕತೆಯದು. ಈ ಸಲ ಕೈ ಹಿಡಿದು ನಿಲ್ಲಿಸಿರುವುದು ಹೊತ್ತಿನ ಅಭಾವವಲ್ಲ.

ನಮ್ಮ ಗಿರಣಿಯಲ್ಲಿ ಒಬ್ಬ ಹಿರಿಯ ಹಮಾಲರಿದ್ದಾರೆ. ಕನಕಗಿರಿ ಕಡೆಯ ಹಳ್ಳಿಯವರು, ನಾನು ಅವರನ್ನು ಕಾಕಾ ಎಂದೇ ಕರೆಯುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ, ಗಾಡಿಗಳಿಲ್ಲದ ಹೊತ್ತಿನಲ್ಲಿ, ಕಾಟಾ ಕೋಣೆಯ ಹೊಸ್ತಿಲ ಮೇಲೆ ಚಹಾ ಕುಡಿಯುತ್ತ ಕುಳಿತವರು ತಮ್ಮ ಮಗಳು ಗಂಡನ ಮನೆಯಿಂದ ತಿರುಗಿ ಬಂದ ಸಂಗತಿ ಹೇಳಿದರು. ಮದುವೆಯಲ್ಲಿ ತವರಿನಿಂದ ಕೊಟ್ಟಿದ್ದ ತಾಮ್ರದ ಹಂಡೆಯನ್ನು ತಲೆಯ ಮೇಲೆ ಹೊತ್ತುಕೊಂಡು, ಬಸ್ಸಿನವರು ಅದನ್ನು ಹತ್ತಿಸಿಕೊಳ್ಳಲಿಲ್ಲವೆಂದು ಆಕೆ ಆರು ಹರದಾರಿ ನಡೆದು ಬಂದಿದ್ದಳು. ಹೇಳಿ ಮುಗಿಸಿ ಅವರು ಲೋಟ ತೊಳೆದಿಟ್ಟು ಎದ್ದು ಹೋದರು. ನಾನು ಆ ಹಂಡೆಯನ್ನು ಮರೆಯಲಾರದೆ ಹೋದೆ. 22ನೆಯ ಕಂತಿನಲ್ಲಿ ನನ್ನ ನಾಯಕಿ ಹಂಡೆ ಹೊತ್ತು ನಡೆದು ಬಂದಳು. ಹೆಸರು ಬೇರೆ, ಊರು ಬೇರೆ, ಜಾತಿ ಬೇರೆ. ಹಂಡೆ ಮಾತ್ರ ಅದೇ. ಇದುವರೆಗಿನ ನನ್ನ ಯಾವ ಕಂತಿಗೂ ಬಾರದಷ್ಟು ಮೆಚ್ಚುಗೆ ಅದಕ್ಕೆ ಬಂತು.

ಆ ವಾರದ ಶುಕ್ರವಾರ ಕಾಕಾ ಬಂದು ಕಿಟಕಿಯ ಬಳಿ ನಿಂತರು. ಅವರ ಮಗ ಮೊಬೈಲಿನಲ್ಲಿ ಓದಿದ್ದನಂತೆ. "ನಮ್ಮ ಹುಡುಗಿ ಸುದ್ದಿ ನೀವು ಬರದೀರಂತ, ಖರೇನ್ರಿ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ನಾನು "ಆಮೇಲೆ ಮಾತಾಡೋಣ ಕಾಕಾ" ಎಂದೆ, ಮತ್ತು ಇಲ್ಲಿಯವರೆಗೆ ಮಾತನಾಡಿಲ್ಲ. ಅವರು ದಿನವೂ ನನ್ನ ಕಣ್ಣ ಮುಂದೆಯೇ ಚೀಲ ಹೊರುತ್ತಾರೆ. ರಾತ್ರಿ ಬರೆಯಲು ಕುಳಿತರೆ ಆ ಪ್ರಶ್ನೆ ಎದುರಿಗೆ ನಿಲ್ಲುತ್ತದೆ.

ನೀಲಿ ದಾರ, ಬಳ್ಳಾರಿ ಕೌಲ್ ಬಜಾರ್

ಅಣ್ಣನವರೇ, ಇದನ್ನು ಹೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಾಗಿದೆ. ಆದರೂ ನನಗೆ ನೋವಾಗಿದೆ, ಅದನ್ನೂ ಹೇಳುತ್ತೇನೆ. ನನ್ನ ಪಕ್ಕದ ಯಂತ್ರದಲ್ಲಿ ಕೂರುವವಳು ತನ್ನ ಮನೆಯ ಸಂಕಟವನ್ನು ನನಗೆ ಹೇಳುವುದು ನಾನು ಬರೆಯುವವಳೆಂದಲ್ಲ, ಪಕ್ಕದಲ್ಲಿ ಕೂರುವವಳೆಂದು. ದುಡಿಯುವ ಜಾಗದಲ್ಲಿ ನಮಗೆ ಸಿಗುವ ಕತೆಗಳೆಲ್ಲ ಆ ನಂಬಿಕೆಯಿಂದ ಬಂದವು. ನೌಕರಿ ನಮ್ಮ ಹೊತ್ತನ್ನು ತಿನ್ನುತ್ತದೆ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ, ಆದರೆ ನೌಕರಿಯಲ್ಲಿ ಸಿಕ್ಕ ಜನ ಇಲ್ಲದಿದ್ದರೆ ನಮ್ಮ ಬಳಿ ಬರೆಯಲು ಏನಿರುತ್ತಿತ್ತು?

ನಾನು ಮಾಡುವುದು ಹೀಗೆ. ಪ್ರಕಟಿಸುವ ಮೊದಲು ಆ ಭಾಗವನ್ನು ಆಕೆಗೇ ಓದಿ ಹೇಳುತ್ತೇನೆ. ಎರಡು ಸಲ "ಬ್ಯಾಡ" ಎಂದಿದ್ದಾಳೆ. ಎರಡು ಸಲವೂ ಅಳಿಸಿದ್ದೇನೆ. ಕಾಕಾ ಅವರನ್ನು ಕಾಣಲು ಸುಗ್ಗಿ ಮುಗಿಯುವವರೆಗೆ ಕಾಯಬೇಡಿ. ಕಿಟಕಿಯ ಈ ಕಡೆ ಕುಳಿತು ಮಾತನಾಡಬೇಡಿ, ಅವರ ಮನೆಗೆ ಹೋಗಿ.

ಅಂಚೆಚೀಲ, ಮಾನ್ವಿ

ತಂಗಿಯ ಮಾತಿಗೆ ನಾನು ಸೇರಿಸುವುದೇನೂ ಇಲ್ಲ. ಪೂರ್ತಿ ಬರೆದು ಪ್ರಕಟಿಸಬೇಕೆಂದು ನಾನು ವಾದಿಸಿದ್ದು ಬೇರೆ ಕಾರಣಕ್ಕೆ, ಆದರೆ ಹೀಗೆ ಓದಿ ಹೇಳಿ ಒಪ್ಪಿಗೆ ಪಡೆಯಲೂ ಆಗ ಬಿಡುವಿರುತ್ತದೆ. ಮಂಗಳವಾರದ ಅವಸರದಲ್ಲಿ ಹಂಡೆಯನ್ನು ಬದಲಿಸಬೇಕೆಂದು ತೋಚುವುದು ಕಷ್ಟ.

ಕಿನ್ನಾಳ ಬಣ್ಣ, ಕೊಪ್ಪಳ

ಹಿರಿಯರ ಈ ಮಾತನ್ನು ನಾನು ಒಪ್ಪುತ್ತೇನೆ. ವಾರ ವಾರ ಬರೆಯುವ ಪಕ್ಷದಲ್ಲಿ ನಿಂತೇ ಒಪ್ಪುತ್ತೇನೆ. ಕನಿಷ್ಠ ಒಂದು ಕಂತು ಕೈಯಲ್ಲಿರಬೇಕು, ಅದನ್ನು ಯಾರಿಗಾದರೂ ಓದಿ ಹೇಳಲು.

ಕಾಟಾಚೀಟಿ, ಗಂಗಾವತಿ

ಎಳ್ಳಮಾವಾಸ್ಯೆಯಂದು ಗಿರಣಿಗೆ ರಜೆ ಇತ್ತು. ಕನಕಗಿರಿಯ ಬಸ್ಸು ಹತ್ತಿ ಕಾಕಾ ಅವರ ಊರಿಗೆ ಹೋಗಿದ್ದೆ. ಮನೆಯವರೆಲ್ಲ ಚರಗ ಚೆಲ್ಲಲು, ಅಂದರೆ ಪೈರಿಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗಿದ್ದರಿಂದ ನಾನೂ ಹೊಲಕ್ಕೇ ಹೋದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಬಡಿಸಿದ್ದು ಆ ಮಗಳೇ. ನಾನು ತಲೆ ಎತ್ತಲಿಲ್ಲ.

ಊಟದ ನಂತರ ಬದುವಿನ ಮೇಲೆ ಕುಳಿತು ಕಾಕಾ ಅವರ ಮುಂದೆ 22ನೆಯ ಕಂತನ್ನು ಪೂರ್ತಿ ಓದಿದೆ. ಅವರು ನಡುವೆ ಎರಡು ಕಡೆ ತಡೆದರು. ಮೊದಲನೆಯದು ನಾನು ನಿರೀಕ್ಷಿಸಿದ್ದಲ್ಲ. ಕತೆಯಲ್ಲಿ ಬರುವ ಹಮಾಲ ಎರಡೂ ಕೈಯಿಂದ ಚೀಲ ಎತ್ತುತ್ತಾನೆಂದು ಬರೆದಿದ್ದೆ. "ಹಂಗ ಯಾರೂ ಎತ್ತಂಗಿಲ್ಲ" ಎಂದು, ಎದ್ದು ನಿಂತು, ಕೊಕ್ಕೆ ಹಿಡಿಯುವ ಕೈ ಯಾವುದು, ಚೀಲದ ಯಾವ ಮೂಲೆಗೆ ಅದನ್ನು ಸಿಗಿಸುತ್ತಾರೆ, ಬೆನ್ನು ಎಷ್ಟು ಬಾಗಿದಾಗ ಎದುರಿನವನು ಕೈ ಬಿಡುತ್ತಾನೆ ಎಂಬುದನ್ನು ಮಾಡಿ ತೋರಿಸಿದರು. ಹನ್ನೊಂದು ವರ್ಷ ಆ ಕಿಟಕಿಯಿಂದ ನೋಡಿದ್ದೇನೆ, ಇದನ್ನು ಒಂದು ದಿನವೂ ಗಮನಿಸಿರಲಿಲ್ಲ.

ಎರಡನೆಯದು ಹಂಡೆಯ ಸಾಲು. ಅಲ್ಲಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಹಂಡೇದು ಒಂದು ತೆಗೀರಿ. ಅದು ನಮ್ಮ ಮನ್ಯಾಗ ಇನ್ನಾ ಐತಿ. ದಿನಾ ಅದರಾಗ ನೀರು ಕಾಸ್ತಾಳ ಆಕಿ" ಎಂದರು. ಉಳಿದದ್ದು ಇರಲಿ ಎಂದರು. ಮಗಳನ್ನೂ ಕೇಳಬೇಕಲ್ಲವೇ ಎಂದಾಗ ಅವರೇ ಆಕೆಯನ್ನು ಕರೆದು ಕೇಳಿದರು. ಆಕೆಯ ಉತ್ತರವೂ ಅದೇ ಆಗಿತ್ತು, ಇನ್ನೂ ಕಡಿಮೆ ಮಾತಿನಲ್ಲಿ.

ಕೆಲಸದ ಮಾತಿಗೆ ಬರುತ್ತೇನೆ. 23ನೆಯ ಕಂತು ಸಂಕ್ರಾಂತಿ ಕಳೆದ ಮೊದಲ ಮಂಗಳವಾರ ರಾತ್ರಿ ಒಂಬತ್ತಕ್ಕೆ ಬರುತ್ತದೆಂದು ಓದುಗರಿಗೆ ತಿಳಿಸಿದ್ದೇನೆ. ಅಲ್ಲಿಯವರೆಗೆ ಮೂರು ಕಂತು ಕೈಯಲ್ಲಿ ಕೂಡಿಸಿಕೊಳ್ಳುತ್ತೇನೆ. ರಾತ್ರಿಪಾಳಿಯವರ ಹಸ್ತಾಂತರ ಟಿಪ್ಪಣಿ ಈಗಾಗಲೇ ಶುರುವಾಗಿದೆ. ಗಿರಣಿಗೆ ಸಂಬಂಧಿಸಿದ ಭಾಗಗಳನ್ನು ಅಮಾವಾಸ್ಯೆಯ ರಜೆಯಲ್ಲಿ ಕಾಕಾ ಅವರಿಗೆ ಓದಿ ಹೇಳುವುದೆಂದು ಇಬ್ಬರೂ ಒಪ್ಪಿದ್ದೇವೆ.

ರಾತ್ರಿಪಾಳಿ, ಶಕ್ತಿನಗರ

ಅಣ್ಣನವರೇ, ಆಗಲೇ ಓದಿದವರು ಆ ಸಾಲನ್ನು ಹುಡುಕಿಕೊಂಡು ಮರಳಿ ಬಂದರೆ ಏನು ಹೇಳುತ್ತೀರಿ? ನಾನೂ ಅವರಲ್ಲಿ ಒಬ್ಬ.

ಕಾಟಾಚೀಟಿ, ಗಂಗಾವತಿ

ಒಬ್ಬರು ಈಗಾಗಲೇ ಕೇಳಿದ್ದಾರೆ. ತೆಗೆಯಬೇಕಾಗಿತ್ತು, ತೆಗೆದೆ ಎಂದಷ್ಟೇ ಬರೆದೆ. ಈಗ ಆಕೆ ಬಟ್ಟೆಯ ಒಂದು ಗಂಟು ಹಿಡಿದು ನಡೆದು ಬರುತ್ತಾಳೆ. ಆ ಸಾಲು ಮೊದಲಿನಷ್ಟು ಗಟ್ಟಿಯಾಗಿಲ್ಲ ಎಂಬುದು ನನಗೆ ಗೊತ್ತು. ಅದು ಹಾಗೆಯೇ ಇರುತ್ತದೆ. ಚೀಲ ಎತ್ತುವ ಸಾಲನ್ನು ಮಾತ್ರ ಹೊಸದಾಗಿ ಬರೆದಿದ್ದೇನೆ, ಬಿಡುವಾದಾಗ ಓದಿ.